ಹೊಲದ ಮೇಲಿನ ಉಸುಕು

(ಬಾನುಲಿ ಭಾಷಣ)

ಬನಶಂಕರಿಯ ಜಾತ್ರೆಗೆ ಹೋದವರಿಗೆ ಬಾದಾಮಿ ತಾಲೂಕಿನ ಚೊಳಚಗುಡ್ಡದ ಪರಿಚಯ ಇದ್ದೇ ಇರುತ್ತದೆ. ಮಲಪ್ರಭೆಯ ದಂಡೆಯ ಊರು ಅದು. 2019ರ ಆಗಸ್ಟ್ ತಿಂಗಳಲ್ಲಿ ನವಿಲುತೀರ್ಥದ ಅಣೆಕಟ್ಟಿನಿಂದ ಬಿಟ್ಟ ನೀರಿಗೆ ಬೆಣ್ಣೆಹಳ್ಳದ ನೀರೂ ಕೂಡಿ ಹೊಳೆ ದಂಡೆ ಮೀರಿತು. ಪಟ್ಟದಕಲ್ಲಿನ ದೇವಾಲಯಗಳ ಆವರಣದಲ್ಲಿ ನೀರು ನಿಂತ ಚಿತ್ರವನ್ನು ನಾಡೆಲ್ಲ ಕಂಡಿತು. ಆ ನೀರು ಇಳಿದ ಮೇಲೆ ಹೊಲಗಳಲ್ಲಿ ಏನು ಉಳಿಯಿತೆಂಬುದನ್ನು ಕಂಡವರು ಕಡಿಮೆ.

ನಾನು ಆ ದಂಡೆಗುಂಟ ನಡೆದಾಗ ಎರೆಹೊಲಗಳ ಮೇಲೆ ಉಸುಕು ಹಾಸಿತ್ತು. ಬದುವಿನ ಮೇಲೆ ಕುಳಿತಿದ್ದ ಹಿರಿಯರೊಬ್ಬರನ್ನು ಬೆಳೆಯ ವಿಷಯ ಕೇಳಿದೆ. "ಬೆಳಿ ಹೋದ್ರ ಮುಂದಿನ ವರ್ಷ ಬರತೈತ್ರಿ. ನೆಲಾನ ಹೋದ್ರ ಎಲ್ಲಿ ಬಿತ್ತೂದು?" ಎಂದರು. ಸರಕಾರದ ಪರಿಹಾರವನ್ನು ಅರಿಯಲು ಈ ಮಾತೇ ಕೀಲಿಕೈ.

ವಿಪತ್ತು ಪರಿಹಾರ ನಿಧಿಯ ನಿಯಮಗಳಲ್ಲಿ ಬೆಳೆಗೆ ಒಂದು ಲೆಕ್ಕ, ನೆಲಕ್ಕೆ ಇನ್ನೊಂದು ಲೆಕ್ಕ. ನೂರಕ್ಕೆ 33 ಪಾಲು ಇಲ್ಲವೆ ಅದಕ್ಕಿಂತ ಹೆಚ್ಚು ಬೆಳೆ ಹಾಳಾದರೆ ಬೀಜ–ಗೊಬ್ಬರಕ್ಕೆಂದು ಸಹಾಯಧನ ದೊರೆಯುತ್ತದೆ. ಹೊಲದ ಮೇಲೆ 3 ಅಂಗುಲಕ್ಕಿಂತ ದಪ್ಪವಾಗಿ ಉಸುಕು ಇಲ್ಲವೆ ಹೂಳು ಕುಳಿತರೆ, ಅದನ್ನು ತೆಗೆಯಲು ಸಣ್ಣ ಮತ್ತು ಅತಿ ಸಣ್ಣ ರೈತರಿಗೆ ಬೇರೆಯೇ ಸಹಾಯಧನವಿದೆ. 2019ರಲ್ಲಿ ಇದು ಹೆಕ್ಟೇರಿಗೆ 12,200 ರೂಪಾಯಿ ಇತ್ತು. 2022ರಿಂದ 2026ರ ಅವಧಿಗೆ 18,000 ಎಂದು ಗೊತ್ತುಪಡಿಸಲಾಯಿತು. ಹೊಳೆ ಪಾತ್ರ ಬದಲಿಸಿ ನೆಲವನ್ನೇ ಕೊಚ್ಚಿಕೊಂಡು ಹೋದರೆ ಇದೇ ಅವಧಿಯ ದರ ಹೆಕ್ಟೇರಿಗೆ 47,000. ಆದರೆ ಕಂದಾಯದ ದಾಖಲೆಯಲ್ಲಿ ಆ ಭೂಮಿ ರೈತನ ಹೆಸರಿನಲ್ಲಿರಬೇಕು.

ಈ ಹಣ ಎಷ್ಟರಮಟ್ಟಿಗೆ ಸಾಲುತ್ತದೆ? ಲೆಕ್ಕ ಹಾಕಿ ನೋಡೋಣ. ಒಂದು ಎಕರೆಯ ಮೇಲೆ 3 ಅಂಗುಲ ಉಸುಕೆಂದರೆ ಸುಮಾರು 300 ಘನ ಮೀಟರು. ಒಂದು ಟ್ರ್ಯಾಕ್ಟರು 3 ಘನ ಮೀಟರು ಒಯ್ದರೆ ನೂರು ಹೇರು. 18,000ದ ದರದಂತೆ ಎಕರೆಗೆ ಬರುವುದು 7,300 ರೂಪಾಯಿಯ ಆಸುಪಾಸು. ಹೇರಿಗೆ 73 ರೂಪಾಯಿ. ಉಸುಕು 3 ಅಡಿ ಕುಳಿತಿದ್ದರೆ ಹೇರುಗಳು 1,200 ಆಗುತ್ತವೆ, ಹಣ ಮಾತ್ರ ಅಷ್ಟೇ ಇರುತ್ತದೆ. ಆಗ ಹೇರಿಗೆ 6 ರೂಪಾಯಿ! 3 ಅಂಗುಲಕ್ಕೂ 3 ಅಡಿಗೂ ಒಂದೇ ದರವೆಂಬುದೇ ಇಲ್ಲಿಯ ತೊಡಕು. ನವಿರಾದ ಮೆಕ್ಕಲು ನೆಲಕ್ಕೆ ಒಳ್ಳೆಯದು, ಒರಟು ಉಸುಕು ಕೆಟ್ಟದ್ದು ಎಂಬ ಭೇದವನ್ನೂ ಈ ಅಳತೆ ಎಣಿಸುವುದಿಲ್ಲ.

ಬೇರೆ ದಾರಿಯೂ ಉಂಟು. ಅಮೆರಿಕದಲ್ಲಿ 1978ರ ಕಾನೂನಿನ ಆಧಾರದ ಮೇಲೆ ನಡೆಯುವ ತುರ್ತು ಸಂರಕ್ಷಣಾ ಕಾರ್ಯಕ್ರಮವು ಹೊಲವನ್ನು ಮೊದಲಿನಂತೆ ಮಾಡಲು ತಗಲುವ ವೆಚ್ಚದಲ್ಲಿ ನೂರಕ್ಕೆ 75ರವರೆಗೆ ಭರಿಸುತ್ತದೆ. ಕೆಲಸ ಹೆಚ್ಚಿದಂತೆ ನೆರವೂ ಹೆಚ್ಚುತ್ತದೆ. ಉಳಿದ ಪಾಲನ್ನು ಅಲ್ಲಿಯ ರೈತನೂ ತಾನೇ ಹೊರಬೇಕು. ಅವರ ಪದ್ಧತಿಯನ್ನು ಇದ್ದಂತೆಯೇ ತರಬೇಕೆಂದು ನಾನು ಹೇಳಲಾರೆ. ಉಸುಕಿನ ಆಳಕ್ಕೆ ತಕ್ಕ ದರವಿರಬೇಕೆಂಬ ತತ್ವವಾದರೂ ನಮಗೆ ಬೇಕು.

ಅಲ್ಲಿಯವರೆಗೆ ರೈತಬಂಧುಗಳು ಮಾಡಬಹುದಾದ ಕೆಲಸವೊಂದಿದೆ. ನೀರು ಇಳಿದೊಡನೆ ಉಸುಕನ್ನು ಎತ್ತಲು ತೊಡಗಬೇಡಿರಿ. ಹೊಲದ ನಾಲ್ಕಾರು ಕಡೆ ತಗ್ಗು ತೋಡಿ, ಕರಿಮಣ್ಣು ಕಾಣುವವರೆಗಿನ ಆಳವನ್ನು ಅಳೆಯಿರಿ. ಪಂಚನಾಮೆಯಲ್ಲಿ ಬೆಳೆಯ ಹಾನಿಯ ಜೊತೆಗೆ ಆ ಆಳವನ್ನೂ ಬರೆಯಿಸಿರಿ. ಹೋದ ಬೆಳೆ ಎಲ್ಲರ ಕಣ್ಣಿಗೂ ಬೀಳುತ್ತದೆ. ಉಸುಕಿನಡಿಯ ನೆಲವನ್ನು ತೋರಿಸಬೇಕಾದವರು ನಾವೇ.