ಆಟಗಾರನಿಗೆ ಗೊತ್ತು, ಪಾತ್ರಕ್ಕೆ ಗೊತ್ತೇ?

ಪ್ರಶ್ನೆ: ಮೇಜಿನ ಸುತ್ತ ಕೂತು ಆಡುವ ರೋಲ್‌ಪ್ಲೇಯಿಂಗ್ ಆಟಗಳಲ್ಲಿ, ನನಗೆ ತಿಳಿದದ್ದೆಲ್ಲ ನನ್ನ ಪಾತ್ರಕ್ಕೂ ತಿಳಿದಿರುತ್ತದೆಯೇ?
– ಓದುಗರೊಬ್ಬರು, ತಿಕೋಟಾ

ಉತ್ತರ: ಇಲ್ಲ. ಪಾತ್ರಕ್ಕೆ ಏನು ಗೊತ್ತೆಂಬ ತೀರ್ಮಾನ ಆಟ ನಡೆಸುವ ಗೇಮ್ ಮಾಸ್ಟರ್‌ನದು. ಕಥೆ 1656ರ ವಿಜಾಪುರದಲ್ಲಿ ನಡೆಯುತ್ತಿದೆ ಎನ್ನಿ. 1686ರಲ್ಲಿ ಔರಂಗಜೇಬ ಊರನ್ನು ಗೆಲ್ಲುತ್ತಾನೆಂದು ನೀವು ಶಾಲೆಯಲ್ಲೇ ಓದಿದ್ದೀರಿ. ನಿಮ್ಮ ಪಾತ್ರವಾದ ಬಬಲೇಶ್ವರದ ರೈತ ಅದನ್ನು ಕನಸಿನಲ್ಲೂ ಕಂಡಿರಲಾರ. ಹಾಗಂತ ಅವನೇನು ದಡ್ಡನಲ್ಲ. ಎರೆಹೊಲ, ಮಳೆ ನಕ್ಷತ್ರ, ಸಂತೆಯ ದಾರಿ ಇಂಥವನ್ನು ಕೇಳಿದರೆ ಜಾಣ ಮಾಸ್ಟರ್ ದಾಳವನ್ನೇ ಮುಟ್ಟಿಸದೆ ಹೇಳಿಬಿಡುತ್ತಾನೆ. ಗೋಳಗುಮ್ಮಟದಲ್ಲಿ ದುಡಿದ ಕಲ್ಲುಕುಟಿಗನ ಪಾತ್ರವಾದರೆ ಅಲ್ಲಿನ ಪ್ರತಿಧ್ವನಿಯ ಗುಟ್ಟೂ ಪುಕ್ಕಟೆ.

ಅನುಮಾನವಿದ್ದಲ್ಲಿ ಮಾತ್ರ ದಾಳ. 1974ರಲ್ಲಿ ಹುಟ್ಟಿದ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ನ ಈಚಿನ ನಿಯಮದಂತೆ 20 ಮುಖದ ದಾಳ ಉರುಳಿಸಿ, ಪಾತ್ರದ ಬುದ್ಧಿಗೆ ತಕ್ಕ ಮಾರ್ಪಾಡಂಕ ಕೂಡಿಸುತ್ತಾರೆ; ಸುಲಭದ ಸಂಗತಿಗೆ 10, ಕಠಿಣದ್ದಕ್ಕೆ 20 ಮುಟ್ಟಬೇಕು. ಸೋತರೆ ‘ಗೊತ್ತಿಲ್ಲ’ ಎಂದು ಬಾಯಿ ಮುಚ್ಚಿಸುವ ಮಾಸ್ಟರ್ ನನಗೆ ಹಿಡಿಸುವುದಿಲ್ಲ. ಯಾರನ್ನು ಕೇಳಬೇಕೆಂಬ ಸುಳಿವಾದರೂ ಸಿಗಬೇಕು.

ನಮ್ಮ ‘ಶ್ರೀಕೃಷ್ಣ ಪಾರಿಜಾತ’ ಬಯಲಾಟದಲ್ಲೂ ಹೂ ರುಕ್ಮಿಣಿಯ ಪಾಲಾದದ್ದು ನೋಡುವವರಿಗೆಲ್ಲ ಗೊತ್ತು. ಸತ್ಯಭಾಮೆಗೆ ಸುದ್ದಿ ಮುಟ್ಟುವತನಕ ಅವಳ ಪಾತ್ರಧಾರಿ ಸಿಟ್ಟಾಗುವಂತಿಲ್ಲ.