ಬಸಿದ ನೀರಿನ ಲೆಕ್ಕ

ಮೂತ್ರಪಿಂಡಗಳ ಶೋಧನಶಕ್ತಿ 3 ತಿಂಗಳಿಗೂ ಮೀರಿ ಕುಂದಿದ್ದರೆ, ಅಥವಾ ಅಷ್ಟೇ ಕಾಲ ಮೂತ್ರದಲ್ಲಿ ಪ್ರೋಟೀನ್ ಸೋರುತ್ತಿದ್ದರೆ, ಅದನ್ನು ದೀರ್ಘಕಾಲಿಕ ಮೂತ್ರಪಿಂಡ ಕಾಯಿಲೆ ಎನ್ನುತ್ತಾರೆ. ಬೇಳೆಕಾಳು, ಸೊಪ್ಪು, ಹಣ್ಣುಗಳಲ್ಲಿ ರಂಜಕವೂ ಪೊಟ್ಯಾಸಿಯಮ್ಮೂ ಹೇರಳವೆಂಬ ಕಾರಣಕ್ಕೆ ಈ ರೋಗಿಗಳ ಪಥ್ಯದ ಪಟ್ಟಿಯಲ್ಲಿ ಅವುಗಳ ಮೇಲೆ ಬಹುಕಾಲ ಅಡ್ಡಗೆರೆ ಬಿದ್ದಿತ್ತು; ಆದರೆ ಅಂತರರಾಷ್ಟ್ರೀಯ ತಜ್ಞರ ಕೂಟವಾದ ಕೆಡಿಐಜಿಒ 2024ರಲ್ಲಿ ಪ್ರಕಟಿಸಿದ ಮಾರ್ಗಸೂಚಿಯು, ತಟ್ಟೆಯಲ್ಲಿ ಪ್ರಾಣಿಮೂಲದ ಆಹಾರಕ್ಕಿಂತ ಸಸ್ಯಮೂಲದ ಆಹಾರವೇ ಹೆಚ್ಚಿರಲಿ, ಅತಿಯಾಗಿ ಸಂಸ್ಕರಿಸಿದ ತಿನಿಸು ಕಡಿಮೆಯಾಗಲಿ ಎಂದು ಹೇಳಿದೆ.

ತಿಂದದ್ದೆಲ್ಲ ರಕ್ತಕ್ಕೆ ಸೇರುವುದಿಲ್ಲವೆಂಬ ತಿಳಿವಳಿಕೆ ಈ ಬದಲಾವಣೆಯ ಹಿಂದಿದೆ. ಕಾಳುಗಳಲ್ಲಿನ ರಂಜಕದ ಬಹುಪಾಲು ಫೈಟೇಟ್ ಎಂಬ ಸಂಯುಕ್ತದಲ್ಲಿ ಅಡಗಿದ್ದು, ಅದನ್ನು ಬಿಡಿಸುವ ಕಿಣ್ವ ಮನುಷ್ಯನ ಕರುಳಿನಲ್ಲಿ ಇಲ್ಲವೆನ್ನುವಷ್ಟು ಕಡಿಮೆಯಾದ್ದರಿಂದ ಸಾಕಷ್ಟು ರಂಜಕ ಹಾಗೆಯೇ ಹೊರಹೋಗುತ್ತದೆ. ಸಂಸ್ಕರಿಸಿದ ಮಾಂಸಕ್ಕೂ ಚೀಸಿಗೂ ಬೆರೆಸುವ ಫಾಸ್ಫೇಟ್ ಲವಣಗಳಾದರೋ ಹೆಚ್ಚುಕಡಿಮೆ ಪೂರ್ತಿಯಾಗಿ ರಕ್ತಕ್ಕಿಳಿಯುತ್ತವೆ. 2011ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದರಲ್ಲಿ, ರಂಜಕದ ಪ್ರಮಾಣ ಸಮನಾಗಿದ್ದ ಸಸ್ಯಾಹಾರವನ್ನೂ ಮಾಂಸಾಹಾರವನ್ನೂ ಒಂದೊಂದು ವಾರ ಕೊಟ್ಟು ನೋಡಿದಾಗ, ಸಸ್ಯಾಹಾರದ ವಾರ ಮುಗಿದ ಮೇಲೆ ರಕ್ತದ ರಂಜಕ ಕಡಿಮೆಯಿತ್ತು. ಭಾಗವಹಿಸಿದ್ದವರು ಮಾತ್ರ 9 ಮಂದಿ.

ಮಾಂಸ, ಮೊಟ್ಟೆ, ಚೀಸುಗಳ ಪ್ರೋಟೀನು ಕರಗುವಾಗ ಆಮ್ಲ ಉಳಿಯುತ್ತದೆ. ದಣಿದ ಮೂತ್ರಪಿಂಡ ಅದನ್ನು ಹೊರಹಾಕಲಾರದೆ ರಕ್ತದ ಆಮ್ಲೀಯತೆ ಏರಿದರೆ ಸ್ನಾಯು ಸವೆಯುತ್ತದೆ, ಮೂಳೆ ಸೊರಗುತ್ತದೆ, ಇನ್ಸುಲಿನ್ನಿಗೆ ದೇಹ ಸರಿಯಾಗಿ ಸ್ಪಂದಿಸದಂತಾಗುತ್ತದೆ. ಹಣ್ಣುತರಕಾರಿಗಳು ದೇಹದಲ್ಲಿ ಕ್ಷಾರವನ್ನು ಉಂಟುಮಾಡುತ್ತವೆಂಬುದರ ಆಧಾರದ ಮೇಲೆ ಟೆಕ್ಸಾಸಿನ ಸಂಶೋಧಕರು ಈ ಕಾಯಿಲೆಯ ನಾಲ್ಕನೆಯ ಹಂತದಲ್ಲಿದ್ದ 71 ರೋಗಿಗಳಲ್ಲಿ ಕೆಲವರಿಗೆ ಸೋಡಿಯಂ ಬೈಕಾರ್ಬನೇಟನ್ನೂ ಉಳಿದವರಿಗೆ ಹಣ್ಣುತರಕಾರಿಯನ್ನೂ ಒಂದು ವರ್ಷ ಕೊಟ್ಟಾಗ, 2013ರ ಅವರ ವರದಿಯಂತೆ ಎರಡೂ ಗುಂಪುಗಳಲ್ಲಿ ಆಮ್ಲೀಯತೆ ತಗ್ಗಿತು, ಪೊಟ್ಯಾಸಿಯಂ ಏರಲಿಲ್ಲ. ಆದರೆ ಪೊಟ್ಯಾಸಿಯಂ ಏರುವ ಅಪಾಯ ಕಡಿಮೆಯಿದ್ದವರನ್ನೇ ಅಲ್ಲಿ ಆಯ್ದುಕೊಳ್ಳಲಾಗಿತ್ತೆಂಬುದನ್ನು ಸಸ್ಯಾಹಾರದ ಅಭಿಮಾನಿಗಳು ಸಾಮಾನ್ಯವಾಗಿ ಹೇಳುವುದಿಲ್ಲ.

ರಕ್ತದ ಪೊಟ್ಯಾಸಿಯಂ ಮಿತಿಮೀರಿದರೆ ಹೃದಯದ ಬಡಿತವೇ ತಪ್ಪಬಹುದಾದ್ದರಿಂದ ಈ ವಿವರ ಚಿಕ್ಕದಲ್ಲ. ಹೆಚ್ಚಿದ ತರಕಾರಿಯನ್ನು ಧಾರಾಳ ನೀರಿನಲ್ಲಿ ಬೇಯಿಸಿದಾಗ ಪೊಟ್ಯಾಸಿಯಂನ ದೊಡ್ಡ ಪಾಲು ನೀರಿಗಿಳಿಯುತ್ತದೆ. ಹಳೆ ಮೈಸೂರು ಸೀಮೆಯ ಬಸ್ಸಾರಿನಲ್ಲಿ ಈ ಎರಡು ಪಾಲುಗಳೂ ಕಣ್ಣಿಗೇ ಕಾಣುತ್ತವೆ: ಬೆಂದ ಸೊಪ್ಪು ಮತ್ತು ಕಾಳನ್ನು ಬಸಿದು ಒಗ್ಗರಣೆ ಕೊಟ್ಟರೆ ಪಲ್ಯ, ಬಸಿದ ಕಟ್ಟಿಗೆ ರುಬ್ಬಿದ ಖಾರ ಕೂಡಿಸಿ ಕುದಿಸಿದರೆ ಸಾರು. ಪೊಟ್ಯಾಸಿಯಂ ಹೆಚ್ಚಿರುವ ರೋಗಿಗೆ ಪಲ್ಯ ಸಲ್ಲಬಹುದು, ಮುದ್ದೆ ಮುಳುಗಿಸುವ ಆ ಸಾರು ಮಾತ್ರ ಸಲ್ಲದು.

ಮಾಂಸ ಮುಟ್ಟದ ಮನೆಯ ಊಟವೆಲ್ಲ ಪಥ್ಯವೂ ಆಗುವುದಿಲ್ಲ. ದಿನಕ್ಕೆ ಉಪ್ಪು 5 ಗ್ರಾಂ ಮೀರಬಾರದೆಂಬ ಮಿತಿಯನ್ನು ಉಪ್ಪಿನಕಾಯಿ, ಹಪ್ಪಳ, ಬಾಳಕದ ಮೆಣಸಿನಕಾಯಿಗಳು ಸುಲಭವಾಗಿ ದಾಟಿಸುತ್ತವೆ. ಅದಕ್ಕೆ ಪರಿಹಾರವೆಂದು ಅಂಗಡಿಯಿಂದ ತರುವ ಕಡಿಮೆ ಸೋಡಿಯಂ ಉಪ್ಪಿನಲ್ಲಿ ಸಾಮಾನ್ಯವಾಗಿ ಪೊಟ್ಯಾಸಿಯಂ ಕ್ಲೋರೈಡನ್ನೇ ಬೆರೆಸಿರುವುದರಿಂದ, ಸೊಪ್ಪು ಬಸಿದು ಚೆಲ್ಲಿದ ಪೊಟ್ಯಾಸಿಯಂ ಒಗ್ಗರಣೆಯ ಹೊತ್ತಿಗೆ ಚಮಚದಲ್ಲಿ ಮತ್ತೆ ಬಾಣಲೆಗೆ ಬೀಳುತ್ತದೆ.