ನಿಮಗಿದು ಗೊತ್ತೇ? ಕದಲದ ಊರು, ಬದಲಾದ ವಿಳಾಸ: ಹುಲಿಹೈದರ

● ಕೊಪ್ಪಳ ಜಿಲ್ಲೆಯ ಹುಲಿಹೈದರ ಇಂದು ಕನಕಗಿರಿ ತಾಲ್ಲೂಕಿನ ಊರು. ಮೊನ್ನೆ ಮೊನ್ನೆಯವರೆಗೆ ಅದು ಗಂಗಾವತಿ ತಾಲ್ಲೂಕಿನಲ್ಲಿತ್ತು. 1997ಕ್ಕೆ ಮೊದಲು ಜಿಲ್ಲೆ ರಾಯಚೂರು. 1905ಕ್ಕೂ ಹಿಂದಕ್ಕೆ ಹೋದರೆ ಗಂಗಾವತಿ ಸೀಮೆ ಇದ್ದದ್ದು ಲಿಂಗಸುಗೂರು ಜಿಲ್ಲೆಯಲ್ಲಿ. ಆ ಹೆಸರಿನ ಜಿಲ್ಲೆಯೊಂದು ಇತ್ತೆಂಬುದೇ ಈಗ ಬಹಳ ಜನಕ್ಕೆ ತಿಳಿಯದು.

● ಕೃಷ್ಣಾ, ತುಂಗಭದ್ರೆಗಳ ನಡುವಿನ ಈ ದೋಆಬ್ ಪ್ರದೇಶವನ್ನು ಹೈದರಾಬಾದಿನ ನಿಜಾಮ 1853ರಲ್ಲಿ ಬ್ರಿಟಿಷರ ವಶಕ್ಕೆ ಕೊಡಬೇಕಾಯಿತು. ಈಸ್ಟ್ ಇಂಡಿಯಾ ಕಂಪನಿಯ ಅಧೀನದ ಸೇನೆಯ ಖರ್ಚಿನ ಬಾಕಿ ತೀರಿಸಲಾಗದ್ದು ಕಾರಣ. 1860ರಲ್ಲಿ ಅದು ಮರಳಿ ನಿಜಾಮನ ಕೈಸೇರಿತು.

● ಇಲ್ಲಿನ ಹಿರಿಯರ ಪಾಲಿಗೆ 1947ರ ಆಗಸ್ಟ್ 15 ಬಿಡುಗಡೆಯ ದಿನವಲ್ಲ. ಅದು ಬಂದದ್ದು ಮರುವರ್ಷದ ಸೆಪ್ಟೆಂಬರ್ 17ರಂದು, ನಿಜಾಮನ ಸಂಸ್ಥಾನದ ಮೇಲೆ ಭಾರತ ನಡೆಸಿದ ಪೊಲೀಸ್ ಕಾರ್ಯಾಚರಣೆಯ ಕೊನೆಗೆ. ಕನ್ನಡ ನಾಡಿಗೆ ಸೇರಲು 1956ರ ನವೆಂಬರ್‌ವರೆಗೆ ಕಾಯಬೇಕಾಯಿತು. ಈ ಕಾಯುವಿಕೆಗೆ ನಮ್ಮ ಪಠ್ಯಪುಸ್ತಕಗಳು ಇನ್ನಷ್ಟು ಜಾಗ ಕೊಡಬೇಕು.

● “ಕಾಲಿದ್ದವರು ಹಂಪಿ ನೋಡಬೇಕು, ಕಣ್ಣಿದ್ದವರು ಕನಕಗಿರಿ ನೋಡಬೇಕು” ಎಂಬ ಮಾತು ಹುಟ್ಟಿದ್ದು ಈ ಸೀಮೆಯಲ್ಲೇ. ಕನಕಗಿರಿಯ ನಾಯಕರು ಕಟ್ಟಿಸಿದ ಕನಕಾಚಲಪತಿ ಗುಡಿ ಇಂದಿಗೂ ಜನರನ್ನು ಸೆಳೆಯುತ್ತದೆ. ಊರಲ್ಲಿ 701 ಗುಡಿ, 701 ಬಾವಿ ಇದ್ದವೆಂಬುದು ಪ್ರತೀತಿ.

● ಅಶೋಕನ ಬ್ರಹ್ಮಗಿರಿ, ಸಿದ್ದಾಪುರ ಶಾಸನಗಳಲ್ಲಿ ‘ಸುವರ್ಣಗಿರಿ’ ಎಂಬ ಊರಿನ ಉಲ್ಲೇಖವಿದೆ. ಅಲ್ಲಿದ್ದ ರಾಜಕುಮಾರನಿಂದಲೇ ದಕ್ಷಿಣದ ಅಧಿಕಾರಿಗಳಿಗೆ ಆಜ್ಞೆ ಹೋಗುತ್ತಿತ್ತು. ಅದು ಕನಕಗಿರಿಯೇ ಎನ್ನುವ ವಿದ್ವಾಂಸರಿದ್ದಾರೆ, ಮಸ್ಕಿಯ ಹತ್ತಿರ ಎನ್ನುವವರೂ ಇದ್ದಾರೆ. ಇವೆರಡರಲ್ಲಿ ಯಾವುದು ನಿಜವಾದರೂ, ಮೌರ್ಯರ ದಕ್ಷಿಣದ ಆಡಳಿತ ಈ ಸೀಮೆಯ ಆಸುಪಾಸಿನಲ್ಲೇ ಇತ್ತೆನ್ನಬಹುದು.

● ಈ ಸೀಮೆಯಲ್ಲಿ ವರ್ಷಕ್ಕೆ ಬೀಳುವ ಮಳೆ 600 ಮಿ.ಮೀ. ಆಸುಪಾಸು. ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಗಂಗಾವತಿ, ಕಾರಟಗಿಗಳನ್ನು ಭತ್ತದ ಕಣಜ ಮಾಡಿತು. ಕಾಲುವೆಗಿಂತ ಎತ್ತರದ ಹೊಲಗಳಲ್ಲಿ ಮಾತ್ರ ಇಂದಿಗೂ ಸಜ್ಜೆ, ತೊಗರಿ, ಶೇಂಗಾ. ಒಂದೇ ಸೀಮೆಯ ಎರಡು ಬದುಕುಗಳಿವು. ತುಂಗಭದ್ರಾ ಜಲಾಶಯದ ಮೂಲ ಸಾಮರ್ಥ್ಯ 133 ಟಿಎಂಸಿ. ಹೂಳು ತುಂಬಿ ಅದು ಈಗ 105ರ ಹತ್ತಿರಕ್ಕೆ ಇಳಿದಿದೆ. ಹೀಗೆ ಕೈತಪ್ಪಿದ ನೀರನ್ನು ಹಿಡಿದಿಡಲು ಇದೇ ಕನಕಗಿರಿ ತಾಲ್ಲೂಕಿನ ನವಲಿಯಲ್ಲಿ ಸಮಾನಾಂತರ ಜಲಾಶಯ ಕಟ್ಟುವ ಪ್ರಸ್ತಾವ ವರ್ಷಗಳಿಂದ ಇದೆ. ಆಂಧ್ರ, ತೆಲಂಗಾಣಗಳ ಒಪ್ಪಿಗೆಯೂ ಇದಕ್ಕೆ ಬೇಕು.

● ಅಮೆರಿಕದಲ್ಲಿ ಸ್ವಂತ ಆಡಳಿತ ಮಂಡಳಿಯಿಲ್ಲದ ಸಣ್ಣ ಊರುಗಳು ಎಷ್ಟೋ ಇವೆ; ಅವುಗಳ ಕೆಲಸ ಕೌಂಟಿಯದು. ನಮ್ಮಲ್ಲಿ ಹುಲಿಹೈದರದಂಥ ಊರಿಗೆ ಗ್ರಾಮ ಪಂಚಾಯಿತಿಯಿದೆ. 1993ರ ಪಂಚಾಯತ್ ರಾಜ್ ಕಾಯ್ದೆಯಂತೆ ಸುಮಾರು 400 ಜನಕ್ಕೊಬ್ಬ ಸದಸ್ಯ.

● ಜನರೇ ಇಲ್ಲದ, ಹೆಸರು ಮಾತ್ರ ಉಳಿದ ಹಳ್ಳಿಗೆ ಕಂದಾಯ ದಾಖಲೆಯಲ್ಲಿ ‘ಬೇಚರಾಕ್ ಗ್ರಾಮ’ ಎನ್ನುತ್ತಾರೆ. ಇದಕ್ಕೆ ತದ್ವಿರುದ್ಧ ತಾಂಡಾ, ದೊಡ್ಡಿ, ಕ್ಯಾಂಪುಗಳ ಸ್ಥಿತಿ: ಜನ ತುಂಬಿರುತ್ತಾರೆ, ದಾಖಲೆಯಲ್ಲಿ ಊರಿನ ಹೆಸರೇ ಇರುವುದಿಲ್ಲ. ತಲೆಮಾರುಗಳಿಂದ ವಾಸವಿದ್ದ ಮನೆಗೂ ಹಕ್ಕುಪತ್ರವಿಲ್ಲ. ಇಂಥವನ್ನು ಕಂದಾಯ ಗ್ರಾಮಗಳಾಗಿಸುವ ಕೆಲಸ ತಡವಾಗಿಯಾದರೂ ಶುರುವಾಗಿದೆ. 2023ರ ಜನವರಿಯಲ್ಲಿ ಕಲಬುರಗಿ ಜಿಲ್ಲೆಯ ಮಳಖೇಡದಲ್ಲಿ ನಡೆದ ಸಮಾರಂಭದಲ್ಲಿ 50 ಸಾವಿರಕ್ಕೂ ಹೆಚ್ಚು ತಾಂಡಾ ಕುಟುಂಬಗಳಿಗೆ ಹಕ್ಕುಪತ್ರ ವಿತರಣೆಯಾಯಿತು.